ಹಡಗಿನ ಒಡೆಯನೂ ಅಪೊಸ್ತಲ ತೋಮನೂ: ಪುರಾವೆಯಿಲ್ಲದ ನಂಬಿಕೆಯನ್ನು ಕುರಿತ ಕ್ಲಿಫರ್ಡನ ವಾದದ ವಿಮರ್ಶೆ

ವಿಜ್ಞಾನದ ಪುರಾವೆಗೆ ನಿಲುಕದ ಸಂಗತಿಗಳನ್ನು ನಂಬುವುದು ಸರಿಯೇ ಎಂಬ ಪ್ರಶ್ನೆ ಕ್ರೈಸ್ತ ಸಭೆಗೆ ಹೊಸದಲ್ಲ. ಇದಕ್ಕೆ ನಾವು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಉತ್ತರ ಕೊಡುತ್ತೇವೆ. ವಿಜ್ಞಾನಕ್ಕೆ ಅದರದೇ ಮೇರೆಯಿದೆ, ನಂಬಿಕೆಯ ಕ್ಷೇತ್ರ ಬೇರೆ ಎನ್ನುವುದು ಒಂದು ಉತ್ತರ. ಹಸ್ತಪ್ರತಿ, ಉತ್ಖನನ, ಸ್ವಸ್ಥತೆಯ ಸಾಕ್ಷಿ ಮುಂತಾದವುಗಳಿಂದ ನಮಗೂ ಪುರಾವೆಯಿದೆ ಎನ್ನುವುದು ಇನ್ನೊಂದು. ಈ ಎರಡೂ ಉತ್ತರಗಳು ಪ್ರಶ್ನೆಯನ್ನು ಜ್ಞಾನದ ಪ್ರಶ್ನೆಯೆಂದೇ ಗ್ರಹಿಸುತ್ತವೆ. ಆದರೆ ಆಧುನಿಕ ಕಾಲದಲ್ಲಿ ಈ ಆಕ್ಷೇಪಣೆಯು ತನ್ನ ಅತ್ಯಂತ ಹರಿತವಾದ ರೂಪದಲ್ಲಿ ಎದ್ದುಬಂದಾಗ ಅದು ನೀತಿಯ ಆಕ್ಷೇಪಣೆಯಾಗಿತ್ತು. ಸಾಕಷ್ಟು ಆಧಾರವಿಲ್ಲದೆ ನಂಬುವವನು ಅವಿವೇಕಿ ಮಾತ್ರವಲ್ಲ, ನೆರೆಯವನಿಗೆ ಅನ್ಯಾಯ ಮಾಡುವವನು ಎಂದು ಅದು ಹೇಳಿತು. ಈ ಮಾತನ್ನಾಡಿದವನು ಆಂಗ್ಲ ಗಣಿತಜ್ಞ ವಿಲಿಯಂ ಕಿಂಗ್ಡನ್ ಕ್ಲಿಫರ್ಡ್. ಆಡಿದ ಪ್ರಬಂಧ 1877ರಲ್ಲಿ ಪ್ರಕಟವಾದ ‘ದಿ ಎಥಿಕ್ಸ್ ಆಫ್ ಬಿಲೀಫ್’, ಅಂದರೆ ‘ನಂಬಿಕೆಯ ನೀತಿ’.

ದೈವಶಾಸ್ತ್ರದ ತರಗತಿಗಳಲ್ಲಿ ಈ ಪ್ರಬಂಧವು ಬಹುಮಟ್ಟಿಗೆ ವಿಲಿಯಂ ಜೇಮ್ಸನ ಪ್ರತ್ಯುತ್ತರಕ್ಕೆ ಪೀಠಿಕೆಯಾಗಿ ಮಾತ್ರ ಬಂದುಹೋಗುತ್ತದೆ. ಕ್ಲಿಫರ್ಡನ ಒಂದು ವಾಕ್ಯವನ್ನು ಉದ್ಧರಿಸಿ, ಜೇಮ್ಸನು ಅದನ್ನು ಖಂಡಿಸಿದನೆಂದು ಹೇಳಿ, ನಾವು ಮುಂದೆ ಸಾಗುತ್ತೇವೆ. ಇದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ. ಕ್ಲಿಫರ್ಡನ ನಿಯಮವನ್ನು ಅದರ ಪೂರ್ಣ ವ್ಯಾಪ್ತಿಯಲ್ಲಿ ನಾವು ಒಪ್ಪಲಾರೆವು. ಆದರೂ ಅವನು ಹೊರಿಸಿದ ಆಪಾದನೆಗೆ ಸಭೆಯು ಇನ್ನೂ ನೇರವಾಗಿ ಉತ್ತರ ಕೊಡಬೇಕಾಗಿದೆ. ಪ್ರಬಂಧವನ್ನು ಮೊದಲು ಅದರ ಮಾತಿನಲ್ಲೇ ಕೇಳಿ, ಅದರ ಬಲವನ್ನೂ ಕೊರತೆಯನ್ನೂ ತೂಗಿ, ಬಳಿಕ ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದ ಬೆಳಕಿನಲ್ಲಿ ಅದನ್ನು ಮತ್ತೆ ನೋಡುವುದು ಈ ಲೇಖನದ ಉದ್ದೇಶ.

1. ಪ್ರಬಂಧವೂ ಅದರ ದೃಷ್ಟಾಂತವೂ

ಕ್ಲಿಫರ್ಡನು 1845ರಲ್ಲಿ ಎಕ್ಸೆಟರ್ ನಗರದಲ್ಲಿ ಹುಟ್ಟಿದನು. ಕೇಂಬ್ರಿಜ್‌ನ ದಿನಗಳಲ್ಲಿ ಅವನು ಆಂಗ್ಲಿಕನ್ ಸಭೆಯ ನಿಷ್ಠಾವಂತ ಸದಸ್ಯನಾಗಿದ್ದು, ಥಾಮಸ್ ಅಕ್ವಿನಾಸನನ್ನು ಆಸಕ್ತಿಯಿಂದ ಓದಿದ್ದನು. ಡಾರ್ವಿನ್ ಮತ್ತು ಸ್ಪೆನ್ಸರರ ಪ್ರಭಾವಕ್ಕೆ ಒಳಗಾದ ಮೇಲೆ ಆ ನಂಬಿಕೆಯನ್ನು ಬಿಟ್ಟನು. 1871ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕನಾದನು. ವಿಜ್ಞಾನಿ ಹಕ್ಸ್ಲಿಯೂ ಕಾರ್ಡಿನಲ್ ಮ್ಯಾನಿಂಗನೂ ಒಂದೇ ಮೇಜಿನ ಸುತ್ತ ಕುಳಿತು ವಾದಿಸುತ್ತಿದ್ದ ಲಂಡನ್ನಿನ ತತ್ತ್ವಶಾಸ್ತ್ರ ಸಂಘದಲ್ಲಿ 1876ರಲ್ಲಿ ಈ ಪ್ರಬಂಧವನ್ನು ಮಂಡಿಸಿದನು. ಮೂರು ವರ್ಷಗಳಲ್ಲೇ ಕ್ಷಯರೋಗದಿಂದ ಮದೀರ ದ್ವೀಪದಲ್ಲಿ ತೀರಿಕೊಂಡನು. ಆಗ ಅವನ ವಯಸ್ಸು 33. ಇನ್ನೊಂದು ಸಂಗತಿಯನ್ನೂ ನೆನೆಯುವುದು ಒಳ್ಳೆಯದು. 1870ರಲ್ಲಿ ಸೂರ್ಯಗ್ರಹಣದ ವೀಕ್ಷಣೆಗೆ ಹೊರಟ ತಂಡದೊಂದಿಗೆ ಅವನು ಪ್ರಯಾಣಿಸುತ್ತಿದ್ದ ಹಡಗು ಸಿಸಿಲಿಯ ತೀರದಲ್ಲಿ ಒಡೆದಿತ್ತು. ಹಡಗೊಡೆತವೆಂಬುದು ಅವನಿಗೆ ಕೇವಲ ಅಲಂಕಾರವಾಗಿರಲಿಲ್ಲ.

ಪ್ರಬಂಧವು ಒಂದು ದೃಷ್ಟಾಂತದಿಂದ ತೊಡಗುತ್ತದೆ. ಹಡಗಿನ ಒಡೆಯನೊಬ್ಬನು ವಲಸೆಹೋಗುವ ಕುಟುಂಬಗಳನ್ನು ಕಡಲಾಚೆಗೆ ಕಳುಹಿಸಲಿದ್ದಾನೆ. ಹಡಗು ಹಳೆಯದು, ಮೊದಲಿಗೇ ಅಷ್ಟು ಚೆನ್ನಾಗಿ ಕಟ್ಟಿದ್ದಲ್ಲ, ಹಲವು ಬಾರಿ ದುರಸ್ತಿಗೊಂಡದ್ದು ಎಂಬುದು ಅವನಿಗೆ ಗೊತ್ತು. ಅದು ಯಾನಕ್ಕೆ ಯೋಗ್ಯವೋ ಅಲ್ಲವೋ ಎಂಬ ಸಂದೇಹವನ್ನು ಇತರರೂ ಅವನ ಮನಸ್ಸಿಗೆ ತಂದಿದ್ದಾರೆ. ಪರೀಕ್ಷಿಸಿ ಸರಿಪಡಿಸಲು ಬಹಳ ಖರ್ಚಾಗುತ್ತದೆ. ಆದುದರಿಂದ ಅವನು ಸಂದೇಹವನ್ನು ಒಂದೊಂದಾಗಿ ಅಡಗಿಸುತ್ತಾನೆ. ಎಷ್ಟೋ ಬಿರುಗಾಳಿಗಳನ್ನು ದಾಟಿಬಂದ ಹಡಗು ಈ ಬಾರಿಯೂ ದಾಟೀತು ಎಂದುಕೊಳ್ಳುತ್ತಾನೆ. ಒಳ್ಳೆಯ ದಿನಗಳನ್ನು ಅರಸಿ ತಾಯ್ನಾಡನ್ನು ಬಿಟ್ಟು ಹೊರಟ ಬಡ ಕುಟುಂಬಗಳನ್ನು ದೇವರ ಪರಿಪಾಲನೆ ಕೈಬಿಡುವುದಿಲ್ಲವೆಂದು ನೆಚ್ಚುತ್ತಾನೆ. ಹಡಗು ಕಟ್ಟಿದವರ ಪ್ರಾಮಾಣಿಕತೆಯನ್ನು ಶಂಕಿಸುವುದು ಸಣ್ಣತನವೆಂದು ತನ್ನನ್ನೇ ಗದರಿಕೊಳ್ಳುತ್ತಾನೆ. ಹೀಗೆ ನಿಜವಾದ, ನೆಮ್ಮದಿಯ ದೃಢನಂಬಿಕೆಯನ್ನು ಸಂಪಾದಿಸಿ, ಹಗುರವಾದ ಮನಸ್ಸಿನಿಂದ ಹಡಗನ್ನು ಬೀಳ್ಕೊಡುತ್ತಾನೆ. ನಡುಗಡಲಿನಲ್ಲಿ ಹಡಗು ಮುಳುಗಿದಾಗ ವಿಮೆಯ ಹಣವನ್ನು ಪಡೆಯುತ್ತಾನೆ.

ಈ ಮನುಷ್ಯನು ಆ ಪ್ರಯಾಣಿಕರ ಸಾವಿಗೆ ಹೊಣೆಗಾರನೆಂದು ಕ್ಲಿಫರ್ಡನು ತೀರ್ಪು ಕೊಡುತ್ತಾನೆ. ಅವನು ಪ್ರಾಮಾಣಿಕವಾಗಿ ನಂಬಿದ್ದನೆಂಬುದು ಅವನನ್ನು ಬಿಡಿಸಲಾರದು; ಏಕೆಂದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ. ಬಳಿಕ ದೃಷ್ಟಾಂತವು ಇನ್ನೊಂದು ತಿರುವು ಪಡೆಯುತ್ತದೆ. ಹಡಗು ಮುಳುಗದೆ ಸುರಕ್ಷಿತವಾಗಿ ದಡ ಸೇರಿತೆಂದು ಭಾವಿಸೋಣ. ಆಗಲೂ ಅವನ ದೋಷ ಒಂದಿಷ್ಟೂ ಕಡಿಮೆಯಾಗುವುದಿಲ್ಲ, ಸಿಕ್ಕಿಬೀಳಲಿಲ್ಲ, ಅಷ್ಟೇ. ನಂಬಿದ ಸಂಗತಿ ನಿಜವಾಯಿತೇ ಸುಳ್ಳಾಯಿತೇ ಎಂಬುದಕ್ಕಿಂತ, ಆ ನಂಬಿಕೆ ಹೇಗೆ ಬಂತು ಎಂಬುದೇ ನೀತಿಯ ಪ್ರಶ್ನೆ. ಇಲ್ಲಿಂದ ಕ್ಲಿಫರ್ಡನು ತನ್ನ ಸಾರ್ವತ್ರಿಕ ನಿಯಮಕ್ಕೆ ಏರುತ್ತಾನೆ: ಸಾಲದ ಆಧಾರದ ಮೇಲೆ ಏನನ್ನಾದರೂ ನಂಬುವುದು ಯಾವಾಗಲೂ, ಎಲ್ಲಿಯೂ, ಯಾರಿಗೂ ತಪ್ಪು. ಹಳ್ಳಿಯ ಪಾನಗೃಹದಲ್ಲಿ ಮಾತಾಡುವ ರೈತನಿಗೂ, ಮಕ್ಕಳನ್ನು ಬೆಳೆಸುವ ಕೂಲಿಕಾರನ ಹೆಂಡತಿಗೂ ಈ ನಿಯಮದಿಂದ ವಿನಾಯಿತಿ ಇಲ್ಲ. ನಂಬಿಕೆಯೆಂಬುದು ಯಾರೊಬ್ಬರ ಖಾಸಗಿ ಆಸ್ತಿಯೂ ಅಲ್ಲ. ಅದು ಮುಂದಿನ ತಲೆಮಾರಿಗೆ ಇಳಿದುಹೋಗುವ ಸಾಮಾನ್ಯ ಸೊತ್ತು.

2. ಸಭೆಯು ಒಪ್ಪಲೇಬೇಕಾದ ಭಾಗ

ದೃಷ್ಟಾಂತದಲ್ಲಿ ದೇವರ ಪರಿಪಾಲನೆಯ ಮಾತು ಬರುವುದನ್ನು ದೈವಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು. ಒಡೆಯನು ಹೇಳಿಕೊಂಡದ್ದರಲ್ಲಿ ತತ್ತ್ವದೋಷವಿಲ್ಲ. ದೇವರು ಪರದೇಶಿಗಳನ್ನು ಕಾಯುವವನೆಂದು ಕೀರ್ತನೆಗಾರನೂ ಹಾಡಿದ್ದಾನೆ. ಸರಿಯಾದ ಉಪದೇಶವನ್ನೇ ಅವನು ಪರೀಕ್ಷೆಯನ್ನು ತಪ್ಪಿಸಿಕೊಳ್ಳಲು ಬಳಸಿದನು. ದೇವರ ಹೆಸರು ಇಲ್ಲಿ ಬಡಗಿಯ ಕೂಲಿಯನ್ನು ಉಳಿಸುವ ಸಾಧನವಾಯಿತು. ಕ್ಲಿಫರ್ಡನು ಇದನ್ನು ನಂಬಿಕೆಯ ಸಹಜ ಸ್ವಭಾವವೆಂದು ತಿಳಿದನು. ಸತ್ಯವೇದವಾದರೋ ಇದನ್ನು ದೇವರ ಹೆಸರನ್ನು ಅಯೋಗ್ಯವಾಗಿ ಎತ್ತುವ ಪಾಪವೆಂದು ತಿಳಿಯುತ್ತದೆ. ಇಬ್ಬರ ನಿದಾನದಲ್ಲಿ ವ್ಯತ್ಯಾಸವಿದ್ದರೂ ರೋಗ ಒಂದೇ.

ಯೆರೆಮೀಯನ ಗ್ರಂಥದ ಇಪ್ಪತ್ತೆಂಟನೆಯ ಅಧ್ಯಾಯವು ಕ್ಲಿಫರ್ಡನ ದೃಷ್ಟಾಂತಕ್ಕೆ ಬಹಳ ಹತ್ತಿರದ್ದು. ಬಾಬಿಲೋನಿನ ನೊಗವು ಎರಡು ವರ್ಷಗಳಲ್ಲಿ ಮುರಿಯುವುದೆಂದೂ, ಆಲಯದ ಪಾತ್ರೆಗಳೂ ಸೆರೆಹೋದವರೂ ಹಿಂದಿರುಗುವರೆಂದೂ ಪ್ರವಾದಿ ಹನನ್ಯನು ಜನರ ಮುಂದೆ ಸಾರಿದನು. ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನೂ ತೆಗೆದು ಮುರಿದನು. ಯೆರೆಮೀಯನ ಮೊದಲ ಮಾತು ಆಮೆನ್. ಕರ್ತನು ಹಾಗೆಯೇ ಮಾಡಲಿ ಎಂದು ಅವನು ಮನಸಾರೆ ಹಾರೈಸಿದನು. ಆದರೆ ಹಾರೈಕೆಯನ್ನು ಅವನು ಆಧಾರವೆಂದು ಎಣಿಸಲಿಲ್ಲ. ಸಮಾಧಾನವನ್ನು ಸಾರುವ ಪ್ರವಾದಿಯ ಮಾತು ನೆರವೇರಿದಾಗಲೇ ಅವನನ್ನು ಕರ್ತನು ಕಳುಹಿಸಿದನೆಂದು ತಿಳಿಯುವುದು ಎಂದು ಹೇಳಿ ಹೊರಟುಹೋದನು. ಮುಂದೆ ಹನನ್ಯನ ಮೇಲೆ ಬಂದ ತೀರ್ಪಿನಲ್ಲಿ ಮುಖ್ಯ ಆಪಾದನೆ ಯಾವುದು? ಈ ಜನರು ಸುಳ್ಳನ್ನು ನೆಚ್ಚುವಂತೆ ಮಾಡಿದನೆಂಬುದು. ಹನನ್ಯನು ಬೇಕೆಂದೇ ವಂಚಿಸಿದನೋ ತಾನೂ ನಂಬಿದ್ದನೋ ಎಂಬುದನ್ನು ಗ್ರಂಥವು ಹೇಳುವ ಗೋಜಿಗೆ ಹೋಗುವುದಿಲ್ಲ. ಅವನ ಮಾತಿನ ಬೆಲೆಯನ್ನು ತೆರಬೇಕಾದವರು ಜೆರುಸಲೇಮಿನ ಜನರು. ಗ್ರಂಥದ ಗಮನವೆಲ್ಲ ಅವರ ಮೇಲಿದೆ.

ಇದು ಒಂಟಿಯಾದ ಉದಾಹರಣೆಯಲ್ಲ. ಎಲ್ಲವನ್ನೂ ಪರಿಶೋಧಿಸಿರೆಂದು ಪೌಲನು ಥೆಸಲೋನಿಕದವರಿಗೆ ಬರೆದನು. ಆತ್ಮಗಳನ್ನು ಪರೀಕ್ಷಿಸಿರೆಂದು ಯೋಹಾನನ ಮೊದಲನೆಯ ಪತ್ರಿಕೆ ಎಚ್ಚರಿಸುತ್ತದೆ. ಪೌಲನ ಬೋಧನೆಯನ್ನೇ ಶಾಸ್ತ್ರದೊಡನೆ ಹೋಲಿಸಿ ದಿನದಿನವೂ ವಿಚಾರಿಸಿದ ಬೆರೋಯದವರನ್ನು ಅಪೊಸ್ತಲರ ಕೃತ್ಯಗಳು ಹೊಗಳುತ್ತದೆ. ಸಭೆಯ ಚರಿತ್ರೆಯಲ್ಲಿಯೂ ಸಂದೇಹಕ್ಕೆ ಅಧಿಕೃತ ಸ್ಥಾನ ಸಿಕ್ಕಿದ್ದುಂಟು. ಸಂತಪದವಿಯ ವಿಚಾರಣೆಯಲ್ಲಿ ಆಕ್ಷೇಪಣೆ ಎತ್ತುವುದನ್ನೇ ಕರ್ತವ್ಯವಾಗಿ ಉಳ್ಳ, ಜನರ ಬಾಯಲ್ಲಿ ಸೈತಾನನ ವಕೀಲನೆಂದು ಹೆಸರಾದ ಅಧಿಕಾರಿಯನ್ನು ರೋಮನ್ ಕಥೋಲಿಕ ಸಭೆ 1587ರಲ್ಲಿ ನೇಮಿಸಿತು. 1983ರ ಸುಧಾರಣೆಯಲ್ಲಿ ಅವನ ಪಾತ್ರವನ್ನು ಬಹಳ ಕುಗ್ಗಿಸಲಾಯಿತು. ಫ್ರಾನ್ಸಿನ ಲೂರ್ದಿನಲ್ಲಿ ಸ್ವಸ್ಥರಾದೆವೆನ್ನುವವರನ್ನು ಪರೀಕ್ಷಿಸಲು 1883ರಿಂದ ವೈದ್ಯಕೀಯ ಕಚೇರಿಯಿದೆ. ಲಕ್ಷಾಂತರ ಯಾತ್ರಿಕರು ಬಂದುಹೋಗುವ ಆ ಸ್ಥಳದಲ್ಲಿ ಸಭೆಯು ಅದ್ಭುತವೆಂದು ಅಂಗೀಕರಿಸಿದ ಎಪ್ಪತ್ತನೆಯ ಪ್ರಕರಣ ಘೋಷಿತವಾದದ್ದು 2018ರಲ್ಲಿ, ಎಂದರೆ ಮೊದಲ ದರ್ಶನದ 160 ವರ್ಷಗಳ ನಂತರ. ಆ ತೀರ್ಮಾನಗಳನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಬೇಗ ನಂಬುವುದೇ ಭಕ್ತಿಯೆಂಬ ಭಾವನೆ ಸಭೆಯ ಪರಂಪರೆಯಲ್ಲಿ ಸರ್ವಮಾನ್ಯವಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟ.

3. ನಿಯಮವು ಸೋಲುವ ಎಡೆಗಳು

ಕ್ಲಿಫರ್ಡನ ನಿಯಮಕ್ಕೆ ಪುರಾವೆ ಎಲ್ಲಿದೆ ಎಂಬ ಪ್ರತಿವಾದವನ್ನು ನಾವು ಬಲ್ಲೆವು, ಅದರಲ್ಲಿ ಸತ್ಯವಿದೆ. ಪ್ರಕೃತಿಯು ಏಕರೀತಿಯಾಗಿ ನಡೆಯುತ್ತದೆ ಎಂಬ ಊಹೆಯಿಲ್ಲದೆ ಅನುಭವದಾಚೆಗೆ ಒಂದು ಹೆಜ್ಜೆಯನ್ನೂ ಇಡಲಾಗದೆಂದು ಪ್ರಬಂಧದ ಮೂರನೆಯ ಭಾಗದಲ್ಲಿ ಅವನೇ ಒಪ್ಪುತ್ತಾನೆ. ಆದರೆ ಈ ವಾದದಿಂದ ಗೆದ್ದೆವೆಂದು ಬೀಗುವವರು ಹಡಗಿನ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ಇದಕ್ಕಿಂತ ಗಂಭೀರವಾದ ಎರಡು ಕೊರತೆಗಳಿವೆ.

ಮೊದಲನೆಯದು ‘ಸಾಕಷ್ಟು’ ಎಂಬ ಅಳತೆಯನ್ನು ಕುರಿತದ್ದು. ಆಂಗ್ಲ ತತ್ತ್ವಜ್ಞ ಜಾನ್ ಲಾಕ್ ಹೇಳುವ ಒಂದು ಕತೆಯಿದೆ. ತನ್ನ ನಾಡಿನಲ್ಲಿ ಚಳಿಗಾಲದಲ್ಲಿ ನೀರು ಎಷ್ಟು ಗಟ್ಟಿಯಾಗುತ್ತದೆಂದರೆ ಅದರ ಮೇಲೆ ಆನೆಯೂ ನಡೆಯಬಹುದು ಎಂದು ಡಚ್ ರಾಯಭಾರಿಯೊಬ್ಬನು ಸಯಾಮಿನ ಅರಸನಿಗೆ ಹೇಳಿದನಂತೆ. ಅದುವರೆಗೆ ಅವನ ಮಾತುಗಳನ್ನೆಲ್ಲ ನಂಬಿದ್ದ ಅರಸನು, ಅವನು ಸುಳ್ಳುಗಾರನೆಂಬುದು ಈಗ ಖಚಿತವಾಯಿತು ಎಂದನಂತೆ. ಅರಸನು ಮೂಢನಲ್ಲ. ತನ್ನ ಅನುಭವದ ಅಳತೆಗೋಲಿನಿಂದ ಸರಿಯಾಗಿಯೇ ಅಳೆದನು. ಅಳತೆಗೋಲು ಗಿಡ್ಡವಾಗಿತ್ತು. ವಿದ್ವಾಂಸರಿಗೂ ಹೀಗಾದದ್ದುಂಟು. ಆಕಾಶದಿಂದ ಕಲ್ಲು ಬೀಳುತ್ತದೆಂಬ ಹಳ್ಳಿಗರ ಮಾತನ್ನು ಹದಿನೆಂಟನೆಯ ಶತಮಾನದ ಅನೇಕ ಪಂಡಿತರು ಕಟ್ಟುಕತೆಯೆಂದು ತಳ್ಳಿಹಾಕಿದ್ದರು. 1803ರ ಏಪ್ರಿಲ್ 26ರಂದು ಫ್ರಾನ್ಸಿನ ಲೇಗಲ್ ಎಂಬ ಊರಿನ ಸುತ್ತ ಸಾವಿರಾರು ಕಲ್ಲುಗಳು ಬಿದ್ದವು. ಯುವ ವಿಜ್ಞಾನಿ ಬಿಯೋ ಅಲ್ಲಿಗೆ ಹೋಗಿ, ಹಳ್ಳಿಯಿಂದ ಹಳ್ಳಿಗೆ ನಡೆದು, ಕಂಡವರ ಮಾತುಗಳನ್ನು ಒಂದರೊಡನೊಂದು ತಾಳೆ ನೋಡಿ, ಕಲ್ಲುಗಳನ್ನು ಪರೀಕ್ಷಿಸಿ ವರದಿ ಬರೆದ ಮೇಲೆ ಪಂಡಿತಲೋಕದ ಸಂದೇಹ ಕರಗಿತು.

ಈ ಎರಡು ಉದಾಹರಣೆಗಳನ್ನು ಹಿಡಿದು, ಇಂದು ನಗೆಗೀಡಾದದ್ದೆಲ್ಲ ನಾಳೆ ಸತ್ಯವಾಗುವುದೆಂದು ವಾದಿಸುವವರಿದ್ದಾರೆ. ಹಾಗೆ ವಾದಿಸುವುದು ಬಿಯೋನಿಗೆ ಮಾಡುವ ಅನ್ಯಾಯ. ಅವನು ಹಳ್ಳಿಗರ ಮಾತನ್ನು ಕೇಳಿದೊಡನೆ ಒಪ್ಪಲಿಲ್ಲ, ಕೇಳುವ ಮೊದಲೇ ತಳ್ಳಲೂ ಇಲ್ಲ, ಹೋಗಿ ನೋಡಿದನು. ತೆರೆದ ಮನಸ್ಸೆಂದರೆ ಇದೇ. ತೆರೆದ ಬಾಗಿಲಿಗೂ ಬಾಗಿಲೇ ಇಲ್ಲದ ಮನೆಗೂ ಇರುವ ಭೇದವನ್ನು ನಾವು ಮರೆಯಬಾರದು. ಸಂದೇಹವಾದಿಯು ಹೋಗಿ ನೋಡಲು ಸಿದ್ಧನಿಲ್ಲದಿದ್ದರೆ ಅವನ ಸಂದೇಹವೂ ಆಧಾರವಿಲ್ಲದ ನಂಬಿಕೆಯೇ ಆಗುತ್ತದೆ. ಕ್ಲಿಫರ್ಡನ ನಿಯಮವು ಆಗ ಅವನನ್ನೂ ಹಿಡಿಯುತ್ತದೆ.

ಎರಡನೆಯ ಕೊರತೆ ವ್ಯಕ್ತಿಗಳನ್ನು ಕುರಿತದ್ದು. ಹಡಗಿನ ಹಲಗೆಯನ್ನು ನಂಬುವ ಮೊದಲು ಅದನ್ನು ಸುತ್ತಿಗೆಯಿಂದ ತಟ್ಟಿ ನೋಡಬಹುದು. ಮನುಷ್ಯನನ್ನು ಹಾಗೆ ತಟ್ಟಿ ನೋಡಿ ಮುಗಿಸಿ, ಬಳಿಕ ಗೆಳೆತನಕ್ಕೆ ತೊಡಗುವುದು ಸಾಧ್ಯವಿಲ್ಲ. ಗೆಳೆಯನು ನೆಚ್ಚಿಕೆಗೆ ಅರ್ಹನೆಂಬ ಆಧಾರವು ನೆಚ್ಚಿದ ಮೇಲೆಯೇ ಬೆಳೆಯುತ್ತದೆ. ಕನ್ನಡದ ‘ನಂಬು’ ಎಂಬ ಧಾತು ಈ ಎರಡು ಅರ್ಥಗಳನ್ನೂ ಒಂದಾಗಿ ಹಿಡಿದಿಟ್ಟಿದೆ. ಸುದ್ದಿಯನ್ನು ನಂಬುತ್ತೇವೆ, ಆಳನ್ನೂ ನಂಬುತ್ತೇವೆ. ನಮ್ಮ ಸತ್ಯವೇದದ ಅನುವಾದಕರು ದೇವರನ್ನು ನಂಬಿಗಸ್ತನೆಂದು ಕರೆದಾಗ ನಂಬುವವನಿಗೂ ನಂಬಿಕೆಗೆ ಪಾತ್ರನಾದವನಿಗೂ ಒಂದೇ ಬೇರಿನ ಮಾತನ್ನು ಕೊಟ್ಟರು. ಗ್ರೀಕಿನ ‘ಪಿಸ್ತಿಸ್’ ಎಂಬ ಪದದ ವ್ಯಾಪ್ತಿಯೂ ಇಂಥದೇ. ಕ್ಲಿಫರ್ಡನ ಪ್ರಬಂಧವು ಸುದ್ದಿಯನ್ನು ನಂಬುವುದರ ನೀತಿಯನ್ನು ಚೆನ್ನಾಗಿ ಬರೆಯುತ್ತದೆ. ಒಬ್ಬನನ್ನು ನಂಬಿ ಬಾಳುವುದರ ನೀತಿಗೆ ಅದರಲ್ಲಿ ಎಡೆಯಿಲ್ಲ.

4. ಜೇಮ್ಸನ ಉತ್ತರ ಸಾಲದು

ಈ ಎರಡನೆಯ ಕೊರತೆಯನ್ನು ಹಾರ್ವರ್ಡಿನ ತತ್ತ್ವಜ್ಞ ವಿಲಿಯಂ ಜೇಮ್ಸನು 1896ರ ‘ದಿ ವಿಲ್ ಟು ಬಿಲೀವ್’ ಎಂಬ ಉಪನ್ಯಾಸದಲ್ಲಿ ಎತ್ತಿತೋರಿಸಿದನು. ಆಯ್ಕೆಯು ನಮಗೆ ಜೀವಂತವಾಗಿದ್ದು, ತಪ್ಪಿಸಿಕೊಳ್ಳಲಾಗದ್ದಾಗಿದ್ದು, ಮಹತ್ತರವಾದದ್ದೂ ಆಗಿದ್ದು, ಬುದ್ಧಿಯ ಬಲದಿಂದಲೇ ಅದನ್ನು ತೀರ್ಮಾನಿಸಲು ಬಾರದಿದ್ದರೆ, ಹೃದಯದ ಒಲವಿಗೆ ಅನುಸಾರವಾಗಿ ನಂಬುವ ಹಕ್ಕು ನಮಗಿದೆ ಎಂಬುದು ಅವನ ವಾದದ ಸಾರ. ನಂಬದೆ ಕಾಯುವುದೂ ಒಂದು ತೀರ್ಮಾನವೇ, ಅದಕ್ಕೂ ನಷ್ಟವಿದೆ. ಈ ಮಾತು ಬೆಲೆಯುಳ್ಳದ್ದು. ಹಡಗಿನ ಒಡೆಯನಿಗೆ ಜೇಮ್ಸನೂ ರಕ್ಷಣೆ ಕೊಡುವುದಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು; ಹಡಗಿನ ಸ್ಥಿತಿಯನ್ನು ಪರೀಕ್ಷೆಯಿಂದ ತಿಳಿಯಬಹುದಾಗಿತ್ತು.

ಆದರೂ ನಂಬುವವನ ಹಕ್ಕು, ನಂಬುವವನ ಲಾಭ, ನಂಬುವವನ ನಷ್ಟ ಎಂಬ ಮಾತುಗಳಲ್ಲೇ ಜೇಮ್ಸನ ಉಪನ್ಯಾಸ ಸುತ್ತುತ್ತದೆ. ಹಡಗಿನೊಳಗೆ ಕುಳಿತವರು ಕಣ್ಮರೆಯಾಗುತ್ತಾರೆ. ಕ್ಲಿಫರ್ಡನ ದೃಷ್ಟಾಂತದಲ್ಲಿ ನಂಬಿದವನು ಒಬ್ಬ, ಮುಳುಗಿದವರು ಬೇರೆ. ನಂಬಿದವನ ಕೈಗೆ ವಿಮೆಯ ಹಣ ಬಂತು. ಅವನು ತನ್ನ ನಂಬಿಕೆಗಾಗಿ ಏನನ್ನೂ ಪಣವಿಟ್ಟಿರಲಿಲ್ಲ. ಈ ವಿವರದಲ್ಲಿಯೇ ದೃಷ್ಟಾಂತದ ತಿರುಳಿದೆಯೆಂದು ನಾವು ಭಾವಿಸುತ್ತೇವೆ. ಪುರಾವೆ ಸಾಲದೆಡೆಯಲ್ಲಿ ನಂಬಬಹುದೇ ಎಂಬ ಪ್ರಶ್ನೆಯ ಪಕ್ಕದಲ್ಲಿ ಇನ್ನೊಂದು ಪ್ರಶ್ನೆಯನ್ನು ಇಡಬೇಕು: ಆ ನಂಬಿಕೆ ತಪ್ಪಾದರೆ ಅದರ ಬೆಲೆಯನ್ನು ತೆರುವವರು ಯಾರು? ನಂಬುವವನು ತಾನೇ ತೆರಲು ನಿಂತರೆ ಜೇಮ್ಸನ ಮಾತಿಗೆ ಬಲವಿದೆ. ಬೆಲೆಯನ್ನು ಇತರರ ತಲೆಯ ಮೇಲೆ ಹೊರಿಸುವುದಾದರೆ ಕ್ಲಿಫರ್ಡನ ನಿಯಮವೇ ನಿಲ್ಲಬೇಕು.

5. ತೋಮನು ಕೇಳಿದ ಗುರುತು

ಈಗ ಯೋಹಾನನ ಸುವಾರ್ತೆಗೆ ಬರೋಣ. ಸಂದೇಹಪಡುವ ತೋಮನೆಂಬ ಅಡ್ಡಹೆಸರು ಅವನ ಕತೆಯ ಒಂದು ತುಂಡನ್ನು ಮಾತ್ರ ನೆನಪಿಡುತ್ತದೆ. ಬೇಥಾನ್ಯಕ್ಕೆ ಹೋಗುವುದು ಅಪಾಯವೆಂದು ಇತರರು ಅಂಜಿದಾಗ, ನಾವೂ ಹೋಗಿ ಆತನೊಂದಿಗೆ ಸಾಯೋಣ ಎಂದು ಹುರಿದುಂಬಿಸಿದವನು ಇವನೇ (ಯೋಹಾನ 11:16). ಆತನು ಹೋಗುವ ಎಡೆ ತಮಗೆ ತಿಳಿಯದಿರುವಾಗ ದಾರಿ ಹೇಗೆ ತಿಳಿದೀತು ಎಂದು ನೇರವಾಗಿ ಕೇಳಿದವನೂ ಇವನೇ (14:5). ತಿಳಿಯದ್ದನ್ನು ತಿಳಿದಂತೆ ನಟಿಸದವನು. ಆದರೆ ತನ್ನ ಪ್ರಾಣವನ್ನು ಪಣವಿಡಲು ಹಿಂಜರಿಯದವನು. ಹಡಗಿನ ಒಡೆಯನು ಇವನ ತದ್ವಿರುದ್ಧ.

ಇತರ ಶಿಷ್ಯರು ಕರ್ತನನ್ನು ಕಂಡೆವೆಂದಾಗ ತೋಮನು ಅವರನ್ನು ಸುಳ್ಳುಗಾರರೆನ್ನಲಿಲ್ಲ. ಇಲ್ಲಿ ಕ್ಲಿಫರ್ಡನ ಪ್ರಬಂಧದ ಎರಡನೆಯ ಭಾಗ ನಮಗೆ ನೆರವಾಗುತ್ತದೆ. ಒಬ್ಬನ ಸಾಕ್ಷಿಯನ್ನು ಒಪ್ಪಲು ಅವನ ಪ್ರಾಮಾಣಿಕತೆ ಒಂದೇ ಸಾಲದು. ಹೇಳುವ ವಿಷಯವನ್ನು ಅವನು ತಿಳಿಯಬಲ್ಲ ಸ್ಥಿತಿಯಲ್ಲಿದ್ದನೇ ಎಂಬುದನ್ನೂ ನೋಡಬೇಕು ಎಂದು ಅವನು ಅಲ್ಲಿ ವಾದಿಸುತ್ತಾನೆ. ಶಿಷ್ಯರು ಸುಳ್ಳಿಗಾಗಿ ಸಾಯುತ್ತಿದ್ದರೇ ಎಂದು ಪ್ರಸಂಗಪೀಠದಿಂದ ನಾವು ಕೇಳುವಾಗ ಅವರ ಪ್ರಾಮಾಣಿಕತೆಯನ್ನು ಸ್ಥಾಪಿಸುತ್ತೇವೆ. ಅವರು ತಪ್ಪು ಗ್ರಹಿಸಿರಲಿಲ್ಲವೆಂಬುದನ್ನು ಇನ್ನೂ ಸ್ಥಾಪಿಸಿರುವುದಿಲ್ಲ. ತೋಮನ ಪ್ರಶ್ನೆ ಈ ಎರಡನೆಯದು. ಕಂಡದ್ದು ಯಾರನ್ನು? ಶಿಲುಬೆಗೇರಿದವನನ್ನೇ ಹೌದೇ?

ಆದುದರಿಂದಲೇ ಅವನು ಬಯಸಿದ ಗುರುತು ಅಷ್ಟು ನಿರ್ದಿಷ್ಟವಾದದ್ದು. ಅವನು ಆಕಾಶದಲ್ಲಿ ಬೆಳಕನ್ನಾಗಲಿ ಇನ್ನೊಂದು ಅದ್ಭುತವನ್ನಾಗಲಿ ಕೇಳಲಿಲ್ಲ. ಮೊಳೆಯ ಗಾಯವನ್ನೂ ಪಕ್ಕೆಯ ಗಾಯವನ್ನೂ ಕೇಳಿದನು. ಗಾಯವಿಲ್ಲದ ಮಹಿಮೆಯನ್ನು ಅವನು ನಂಬಲೊಲ್ಲನು. ಸಭೆಯು ತೋಮನಿಂದ ಕಲಿಯಬೇಕಾದ ಪರೀಕ್ಷೆ ಇದೆಂದು ನಮಗೆ ತೋರುತ್ತದೆ. ಎಂಟು ದಿನಗಳ ನಂತರ ಶಿಷ್ಯರು ಕೂಡಿದ್ದಾಗ ತೋಮನೂ ಅವರೊಂದಿಗಿದ್ದನು ಎಂಬ ಸಣ್ಣ ವಿವರವೂ ಅಲಕ್ಷಿಸತಕ್ಕದ್ದಲ್ಲ. ಒಪ್ಪದವನನ್ನು ಅವರು ಹೊರಗಟ್ಟಲಿಲ್ಲ. ಅವನೂ ಅವರನ್ನು ಬಿಟ್ಟು ಹೋಗಲಿಲ್ಲ. ಮುಚ್ಚಿದ ಬಾಗಿಲುಗಳೊಳಗೆ ಅವನ ಸಂದೇಹಕ್ಕೆ ಒಂದು ವಾರದ ಆಶ್ರಯ ಸಿಕ್ಕಿತು.

ಕರ್ತನು ಪುರಾವೆಯನ್ನು ನಿರಾಕರಿಸಲಿಲ್ಲ. ಕೈ ಚಾಚಲು ಕರೆದನು. ತೋಮನು ಮುಟ್ಟಿದನೆಂದು ಸುವಾರ್ತೆ ಹೇಳುವುದಿಲ್ಲ. ಆಗ ಆಡಿದ ಎಚ್ಚರಿಕೆಯ ಮಾತಿನಲ್ಲಿ ಬರುವ ಗ್ರೀಕ್ ಪದಗಳು ‘ಅಪಿಸ್ತೊಸ್’, ‘ಪಿಸ್ತೊಸ್’. ಪ್ರಶ್ನೆ ಕೇಳುವುದನ್ನು ಖಂಡಿಸುವ ಪದಗಳು ಇವಲ್ಲ. ನಂಬಿಗಸ್ತಿಕೆಗೆ ಹೊರಗಾಗಿರುವುದು, ಒಳಗಾಗಿರುವುದು ಎಂಬ ಸಂಬಂಧದ ಪದಗಳು. ನೋಡದೆ ನಂಬಿದವರ ಧನ್ಯತೆಯ ಮಾತನ್ನು ಆಧಾರವನ್ನೇ ಬೇಡದವರ ಹೊಗಳಿಕೆಯೆಂದು ಓದುವುದೂ ಸರಿಯಲ್ಲ. ಅದರ ಬೆನ್ನಿಗೇ ಬರುವ ಎರಡು ವಚನಗಳು, ಓದುಗರು ನಂಬುವಂತೆ ಈ ಗುರುತುಗಳನ್ನು ಬರೆದಿಡಲಾಗಿದೆ ಎನ್ನುತ್ತವೆ. ನೋಡದವರಿಗೆ ಶೂನ್ಯವನ್ನು ಕೊಟ್ಟಿಲ್ಲ, ಸಾಕ್ಷಿಯನ್ನು ಕೊಟ್ಟಿದೆ.

ಈ ಸಾಕ್ಷಿ ಕ್ಲಿಫರ್ಡನಿಗೆ ಸಾಕಾಗುತ್ತಿತ್ತೇ? ಸಾಕಾಗುತ್ತಿರಲಿಲ್ಲ. ತೋಮನು ಕಂಡಿರಬಹುದು, ನೀವು ಕಂಡಿಲ್ಲವಲ್ಲ ಎಂದು ಅವನು ಕೇಳುತ್ತಿದ್ದನು. ಪುನರುತ್ಥಾನವನ್ನು ಪ್ರಯೋಗಶಾಲೆಯಲ್ಲಿ ಮರಳಿ ತೋರಿಸುವ ದಾರಿ ನಮಗಿಲ್ಲ. ಇಲ್ಲಿ ನಾವು ಪೌಲನ ಮಾದರಿಯನ್ನು ಹಿಡಿಯಬೇಕು. ಕ್ರಿಸ್ತನು ಎದ್ದುಬರಲಿಲ್ಲವಾದರೆ ತಮ್ಮ ಪ್ರಸಂಗ ವ್ಯರ್ಥ, ತಾವು ದೇವರ ವಿಷಯದಲ್ಲಿ ಸುಳ್ಳುಸಾಕ್ಷಿಗಳು, ಎಲ್ಲರಿಗಿಂತ ಮರುಕಕ್ಕೆ ಅರ್ಹರು ಎಂದು ಅವನು ಕೊರಿಂಥದವರಿಗೆ ಬರೆದನು (1 ಕೊರಿಂಥ 15:14-19). ತನ್ನ ನಂಬಿಕೆ ತಪ್ಪಾದರೆ ಏನಾಗುವುದೆಂಬುದನ್ನು ಅವನು ಮುಚ್ಚಿಡಲಿಲ್ಲ. ನಷ್ಟದ ಲೆಕ್ಕವನ್ನು ತನ್ನ ಹೆಸರಿನಲ್ಲೇ ಬರೆದನು. ಅವನ ಬಳಿ ವಿಮೆಯ ಪತ್ರವಿರಲಿಲ್ಲ.

6. ನಮ್ಮ ಸಭೆಗಳಲ್ಲಿ

ಈ ವಿಚಾರವು ತರಗತಿಯಲ್ಲೇ ಮುಗಿಯತಕ್ಕದ್ದಲ್ಲ. 1976ರಲ್ಲಿ, ಕ್ಲಿಫರ್ಡನು ಪ್ರಬಂಧ ಮಂಡಿಸಿದ ನೂರು ವರ್ಷಗಳ ಬಳಿಕ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸುವ ಸಮಿತಿಯೊಂದನ್ನು ರಚಿಸಿದರು. ಅದೇ ವರ್ಷದ ಸಂವಿಧಾನ ತಿದ್ದುಪಡಿಯು ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಇಂಥ ಪರಿಶೀಲನೆ ಅನ್ಯರ ಪವಾಡಗಳಿಗೆ ತಿರುಗಿದಾಗ ತಲೆದೂಗಿ, ನಮ್ಮ ಕೂಟಗಳತ್ತ ತಿರುಗಿದಾಗ ಹಿಂಸೆಯೆಂದು ಕೂಗುವುದು ನಮಗೆ ಶೋಭಿಸುವುದಿಲ್ಲ.

ಎಲ್ಲಕ್ಕಿಂತ ತುರ್ತಾದದ್ದು ಸ್ವಸ್ಥತೆಯ ಕೂಟಗಳ ವಿಷಯ. ರೋಗಿಗಾಗಿ ಪ್ರಾರ್ಥಿಸುವುದು ಸಭೆಯ ಕರ್ತವ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಯಾಕೋಬನ ಪತ್ರಿಕೆ ಹಿರಿಯರಿಗೆ ಅದನ್ನು ವಿಧಿಸಿದೆ, ಎಣ್ಣೆಯನ್ನೂ ಹಚ್ಚಲು ಹೇಳಿದೆ. ಆದರೆ ಪ್ರಾರ್ಥನೆಯಾದ ಮೇಲೆ ಮೂರ್ಛೆರೋಗದ ಗುಳಿಗೆಯನ್ನೋ, ಸಕ್ಕರೆ ಕಾಯಿಲೆಯ ಇನ್ಸುಲಿನ್ನನ್ನೋ, ಕ್ಷಯದ ಔಷಧಿಯನ್ನೋ ಬಿಡುವುದೇ ನಂಬಿಕೆಯ ಗುರುತು ಎಂದು ಬೋಧಿಸಿದಾಗ ಬೋಧಕನು ಹಡಗಿನ ಒಡೆಯನ ಸ್ಥಾನದಲ್ಲಿ ನಿಲ್ಲುತ್ತಾನೆ. ರೋಗ ಮರುಕಳಿಸಿದರೆ ನರಳುವವಳು ರೋಗಿ. ಬೋಧಕನಿಗಂತೂ ವಿಮೆಯುಂಟು: ಅವಳ ನಂಬಿಕೆ ಸಾಲದಾಯಿತು ಎಂದರೆ ಅವನ ಮಾತಿಗೆ ಕುಂದಿಲ್ಲ. ದೇವರ ಹೆಸರಿನಲ್ಲಿ ದುರ್ಬಲರ ಮೇಲೆ ಹೊರೆ ಹೊರಿಸುವ ಇದಕ್ಕಿಂತ ಕ್ರೂರವಾದ ಮಾರ್ಗ ಇನ್ನೊಂದಿಲ್ಲ.

ಸಾಕ್ಷಿ ಹೇಳಿಸುವ ಪದ್ಧತಿಯನ್ನೂ ಪರಿಶೋಧಿಸಬೇಕು. ಗುಣವಾದವರು ಮಾತ್ರ ವೇದಿಕೆಗೆ ಬಂದರೆ, ದಡ ಸೇರಿದ ಯಾನಗಳನ್ನು ಮಾತ್ರ ಎಣಿಸಿದ ಒಡೆಯನ ಲೆಕ್ಕವೇ ನಮ್ಮದೂ ಆಗುತ್ತದೆ. ಹೊಸ ಒಡಂಬಡಿಕೆಯ ಲೆಕ್ಕ ಹಾಗಿಲ್ಲ. ಪೌಲನ ಶರೀರದ ಮುಳ್ಳು ಮೂರು ಬಾರಿ ಬೇಡಿಕೊಂಡರೂ ಹೋಗಲಿಲ್ಲವೆಂದು ಅದು ಬರೆದಿದೆ. ತ್ರೊಫಿಮನನ್ನು ಅಸ್ವಸ್ಥನಾಗಿ ಮಿಲೇತದಲ್ಲಿ ಬಿಡಬೇಕಾಯಿತೆಂದು ಬರೆದಿದೆ. ಹೊಟ್ಟೆಯ ಬೇನೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳೆಂದು ತಿಮೊಥೆಗೆ ಸಿಕ್ಕ ಸಲಹೆಯನ್ನೂ ಬರೆದಿದೆ. ಗುಣವಾಗದವರ ಹೆಸರುಗಳನ್ನು ಅಳಿಸದ ಗ್ರಂಥವು ಗುಣವಾದವರ ಕುರಿತು ಹೇಳುವಾಗ ಹೆಚ್ಚು ನಂಬಲರ್ಹವಾಗುತ್ತದೆ. ನಮ್ಮ ಸಭೆಗಳೂ ಗುಣವಾಗದವರಿಗೆ ವೇದಿಕೆಯಲ್ಲಿ ಎಡೆ ಕೊಡಲಿ. ಗುಣವಾದೆನೆಂದವರನ್ನು ವೈದ್ಯರ ಬಳಿಗೆ ಕಳುಹಿಸಲಿ. ಕುಷ್ಠರೋಗಿಗಳನ್ನು ಯಾಜಕರಿಗೆ ತೋರಿಸಿಕೊಳ್ಳಲು ಕರ್ತನೇ ಕಳುಹಿಸಿದ್ದಾನೆ.

ನಾವು ಮುಂದಿಟ್ಟ ಮಾನದಂಡಕ್ಕೂ ಮಿತಿಯಿದೆ. ನಂಬಿಕೆಯ ಬೆಲೆಯನ್ನು ಪೂರ್ತಿಯಾಗಿ ಒಬ್ಬನೇ ತೆರುವುದು ಸಂಸಾರಿಗಳಿಗೆ ಸಾಧ್ಯವಿಲ್ಲ. ತಂದೆಯು ಕರೆಗೆ ಓಗೊಟ್ಟು ಸಂಬಳವನ್ನು ಬಿಟ್ಟರೆ ಮಕ್ಕಳೂ ಅದನ್ನು ಅನುಭವಿಸುತ್ತಾರೆ. ಕ್ಲಿಫರ್ಡನು ಹೇಳಿದಂತೆ ನಂಬಿಕೆ ಖಾಸಗಿಯಲ್ಲ. ಆದರೆ ಬೆಲೆಯನ್ನು ಮೊದಲೇ ತಿಳಿಸಿ, ತೆರಬೇಕಾದವರ ಒಪ್ಪಿಗೆ ಕೇಳಿ, ಅದರ ಭಾರವಾದ ತುದಿಗೆ ತಾನೇ ಹೆಗಲು ಕೊಡುವುದು ಸಾಧ್ಯ. ಮಾತಾಡಲಾರದ ರೋಗಿಯ ಅಥವಾ ಮಗುವಿನ ವಿಷಯದಲ್ಲಿ ಒಪ್ಪಿಗೆಯೇ ಅಸಾಧ್ಯವಾದ್ದರಿಂದ, ಅಲ್ಲಿ ಪರೀಕ್ಷಿತವಾದ ಔಷಧಿಯನ್ನು ತಡೆಯುವ ಅಧಿಕಾರ ಯಾವ ಬೋಧಕನಿಗೂ ಇಲ್ಲ.

ಪುರಾವೆಯಿಲ್ಲದ್ದನ್ನು ನಂಬುತ್ತೀರಿ ಎಂಬ ಆಪಾದನೆಗೆ ನಾವು ನಾಚಬೇಕಾಗಿಲ್ಲ. ನಾವು ನಂಬುವವನು ಪರೀಕ್ಷೆಗೆ ತನ್ನ ಗಾಯಗಳನ್ನು ಒಡ್ಡಿದವನು. ನಾಚಬೇಕಾದದ್ದು, ಪರೀಕ್ಷಿಸಬಹುದಾಗಿದ್ದ ಹಲಗೆಯನ್ನು ಪರೀಕ್ಷಿಸದೆ ಬೇರೆಯವರನ್ನು ಹಡಗು ಹತ್ತಿಸಿದಾಗ. ದೇವರು ಕಾಯುವನೆಂದು ಸಾರುವ ಮೊದಲು ಪ್ರತಿಯೊಬ್ಬ ಬೋಧಕನೂ, ಈ ಮಾತು ತಪ್ಪಾದರೆ ಮುಳುಗುವವರಲ್ಲಿ ತಾನೂ ಇದ್ದಾನೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.